ಏಳನೇ ಹಾಡಿನ ಧಪ್

ಡೊಂಬಿವಲಿ ಪೂರ್ವ

ಐರ್ಲೆಂಡಿಗೆ ಹೊರಟ ದಿನ ನನ್ನ ಮಾವನವರ ಪೆಟ್ಟಿಗೆಯಲ್ಲಿ ಎರಡು ಸ್ವೆಟರು, ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ, ಆರು ಬಗೆಯ ವೈರುಗಳು ಮತ್ತು ತಾವು ಎಂದೂ ಕಣ್ಣಿನಿಂದ ನೋಡಿರದ ಒಂದು ಸಭಾಂಗಣದ ನಕ್ಷೆ ಇದ್ದವು. ನಕ್ಷೆ ಬರೆದದ್ದು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ. ಬರೆದವರು ಅವರೇ, ಕಿವಿಯಿಂದ ಕೇಳಿ.

ಮಾವ ಅಂದರೆ ನನ್ನ ಗಂಡನ ತಂದೆ ಸಂಜೀವಣ್ಣ. ಉಡುಪಿ ಕಡೆಯವರು. ಮೂವತ್ತು ವರ್ಷ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಗಣಪತಿ, ಮದುವೆ, ಕನ್ನಡದವರ ನಾಟಕ, ಕಲ್ಯಾಣದ ರಾಜಕೀಯ ಸಭೆ, ಅಂಬರನಾಥದ ಶಿವರಾತ್ರಿ, ಎಲ್ಲದಕ್ಕೂ ಅವರ ಡಬ್ಬ ಸ್ಪೀಕರುಗಳೇ ಹೋಗುತ್ತಿದ್ದವು. ನಾನು ಮೈಸೂರಿನಿಂದ ಸೊಸೆಯಾಗಿ ಬಂದವಳು, ಹೆಸರು ಮಾಲತಿ. ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ. ಐರ್ಲೆಂಡಿನ ವಿಮಾ ಕಂಪನಿಯೊಂದರ ಕಾಗದಪತ್ರಗಳನ್ನು ನಾವು ಇಲ್ಲಿ ಕೂತು ನೋಡುತ್ತಿದ್ದೆವು.

ಎರಡು ಸಾವಿರದ ಆರರಲ್ಲಿ ಆ ಕಂಪನಿಯಿಂದ ಬಂದಿದ್ದ ಅಧಿಕಾರಿಯೊಬ್ಬರು ವಾಪಸು ಹೋಗುವಾಗ ನಮಗೆಲ್ಲ ಒಂದೊಂದು ಉಡುಗೊರೆ ಕೊಟ್ಟರು. ಬೇರೆಯವರಿಗೆ ಚಾಕೊಲೇಟು ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಸಿಡಿ. ಮುಖಪುಟದಲ್ಲಿ ಹ್ಯಾಟು ಹಾಕಿದ ಮುದುಕರೊಬ್ಬರು ಗಿಟಾರು ಹಿಡಿದು ನಿಂತಿದ್ದರು. ಅಮೆರಿಕದ ಹಳ್ಳಿಗಾಡಿನ 'ಕಂಟ್ರಿ' ಹಾಡುಗಳನ್ನು ಐರ್ಲೆಂಡಿನವರು ತಮ್ಮ ಮನೆಯದೇ ಮಾಡಿಕೊಂಡಿದ್ದಾರಂತೆ. ಈ ಹಿರಿಯರು ಐವತ್ತು ವರ್ಷದಿಂದ ಅದನ್ನೇ ಹಾಡುತ್ತಿದ್ದವರು. ತಮ್ಮ ಸ್ವಂತ ಊರಿನ ಸಭಾಂಗಣದಲ್ಲಿ, ಜನರೆದುರು ಹಾಡಿದ ಕಾರ್ಯಕ್ರಮದ ರೆಕಾರ್ಡಿಂಗು ಅದು. ಅವರ ಹೆಸರನ್ನೂ ಊರಿನ ಹೆಸರನ್ನೂ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ.

ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಸಿಡಿ ಹಾಕಿದ ಮೊದಲ ದಿನವೇ ಎದ್ದು ಬಂದು ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಇದು ಲೈವ್ ಮಾರಾಯ್ತಿ. ಸ್ಟುಡಿಯೋದ್ದು ಅಂದ್ರೆ ಮೇಕಪ್ ಮಾಡಿದ ಮದುಮಗಳು. ಲೈವ್ ಅಂದ್ರೆ ಬೆಳಿಗ್ಗೆ ಎದ್ದ ಹೆಂಗಸು. ಸ್ಪೀಕರಿನ ಯೋಗ್ಯತೆ ಗೊತ್ತಾಗುವುದು ಇದರಲ್ಲೇ."

"ಬೆಳಿಗ್ಗೆ ಎದ್ದ ಹೆಂಗಸಿಗೆ ನಾಲ್ಕು ಊಟದ ಡಬ್ಬಿ ತುಂಬಿಸ್ಲಿಕ್ಕೆ ಉಂಟು. ಸೌಂಡ್ ಕಮ್ಮಿ ಮಾಡಿ," ಎಂದರು ಅತ್ತೆ ಅಡಿಗೆಮನೆಯಿಂದ.

ಅಂದಿನಿಂದ ಎಂಟು ವರ್ಷ, ಯಾವ ಸ್ಪೀಕರ್ ರಿಪೇರಿಗೆ ಬಂದರೂ ಪರೀಕ್ಷೆಗೆ ಅದೇ ಸಿಡಿ. ನಮ್ಮ ಬಿಲ್ಡಿಂಗಿನಲ್ಲಿ ಆ ಮುದುಕರ ಹಾಡು ಬಾಯಿಪಾಠವಿಲ್ಲದ ಮನೆ ಇರಲಿಲ್ಲ. ಮಾವ ಮಾತ್ರ ಹಾಡಿಗಿಂತ ಹಾಡಿನ ಸುತ್ತಲಿನದನ್ನು ಕೇಳುತ್ತಿದ್ದರು. ನೆಲ ಮರದ್ದು. ಮಾಡು, ಅಂದರೆ ಸೂರು, ತಗ್ಗು. ಎಡಗಡೆ ಬಾಗಿಲು, ಯಾರೋ ತಡವಾಗಿ ಬಂದರು. ಮುಂದಿನ ಸಾಲಿನಲ್ಲಿ ಕೆಮ್ಮುವವರು ಒಬ್ಬರು. ಜನರ ಚಪ್ಪಾಳೆಗೆಂದು ಎರಡು ಮೈಕು ಇಟ್ಟಿದ್ದಾರೆ, ಒಂದು ಸ್ವಲ್ಪ ಬಗ್ಗಿದೆ. ಹೀಗೆ ಕೇಳಿ ಕೇಳಿಯೇ ನಕ್ಷೆ ತಯಾರಾದದ್ದು.

ಬಗೆಹರಿಯದೆ ಉಳಿದದ್ದು ಏಳನೇ ಹಾಡು. ಎರಡನೇ ಚರಣ ಮುಗಿಯುತ್ತಿರುವಾಗ 'ಧಪ್' ಎಂದು ಒಂದು ಸದ್ದು. ಗಾಯಕರು ಅರ್ಧ ಕ್ಷಣ ನಿಲ್ಲುತ್ತಾರೆ. ಮತ್ತೆ ಹಾಡು ಮುಂದುವರಿಯುತ್ತದೆ. ಹಾಡಿನ ಅಡಿಯಲ್ಲಿ, ತುಂಬ ಸಣ್ಣಗೆ, ಒಬ್ಬಳೇ ಹೆಂಗಸು ನಗುತ್ತಾಳೆ. ನಗು ನಿಲ್ಲುವುದೇ ಇಲ್ಲ. ಮೊದಮೊದಲು ನನಗೆ ಅದು ಕೇಳಿಸುತ್ತಲೇ ಇರಲಿಲ್ಲ. ಮಾವ ಹೆಡ್‌ಫೋನು ಹಾಕಿಸಿ, ಬೆರಳೆತ್ತಿ ತೋರಿಸಿದ ಮೇಲೆ ಕೇಳಿಸಿತು.

ಎರಡನೇ ಮಹಡಿಯ ಧಾರವಾಡದ ಕುಲಕರ್ಣಿ ಕಾಕು, "ಯಾರೋ ಕುರ್ಚಿ ಮ್ಯಾಲಿಂದ ಬಿದ್ದಾರ ನೋಡ್ರಿ. ಅದನ್ನ ಕಂಡು ನಕ್ಕಾಳ ಆಕಿ," ಎಂದು ತೀರ್ಪು ಕೊಟ್ಟರು.

ಡೊಂಬಿವಲಿಯಲ್ಲೇ ಹುಟ್ಟಿದ ನನ್ನ ಗಂಡ ಪ್ರಶಾಂತನಿಗೆ ಕನ್ನಡ ಅರ್ಥವಾದರೂ ಉತ್ತರ ಬರುವುದು ಹಿಂದಿಯಲ್ಲಿ. "ಪಪ್ಪಾ, ದರ್ವಾಜಾ ಬಂದ್ ಹುವಾ ಹೋಗಾ. ಛೋಡೋ ನಾ." ಬಾಗಿಲು ಮುಚ್ಚಿಕೊಂಡ ಸದ್ದಿರಬೇಕು, ಬಿಟ್ಟುಬಿಡಿ ಎಂದು.

"ಹೆಂಡತಿ ಎಂತದಾದರೂ ಬಿಸಾಡಿರ್ಬೇಕು. ನನಗೂ ಕೆಲವು ಸಲ ಹಾಗೆ ಕಾಣ್ತದೆ," ಎಂದರು ಅತ್ತೆ.

ಮಾವ ತಲೆಯಾಡಿಸಿದರು. "ಅದು ಗಿಟಾರಿನ ಹೊಟ್ಟೆಗೆ ಅಂಗೈ ಬಡಿದ ಶಬ್ದ. ಬಡಿದದ್ದು ಹೌದು. ಯಾಕೆ ಬಡಿದ, ಅದೊಂದು ಗೊತ್ತಾಗುವುದಿಲ್ಲ."

ಸಾನಪಾಡಾ

ಎರಡು ಸಾವಿರದ ಹದಿನಾಲ್ಕರಲ್ಲಿ ಮಾವ ಫೋನಿನ ಗಂಟೆಗೆ ಏಳುವುದನ್ನು ಬಿಟ್ಟರು. ಕುಕ್ಕರಿನ ಸೀಟಿ ಎಣಿಸುವುದು ಅವರ ಕೆಲಸವಾಗಿತ್ತು. ಬೇಳೆ ಮೂರು ಸಲ ಹೊತ್ತಿತು. ಸಾನಪಾಡಾದ ಕಿವಿ ಡಾಕ್ಟರರ ಬಳಿಗೆ ನಾನೇ ಕರೆದುಕೊಂಡು ಹೋದೆ. ಎರಡೂ ಕಿವಿಯಲ್ಲಿ ಮೇಲಿನ ಸಣ್ಣ ಸ್ವರಗಳು ಹೋಗಿವೆ, ಯಂತ್ರ ಹಾಕಿಸಿ ಎಂದರು ಡಾಕ್ಟರು.

ಲೋಕಲ್ ರೈಲಿನಲ್ಲಿ ವಾಪಸು ಬರುವಾಗ ಮಾವ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು: "ಮೈಕಿನವ ಕಿವಿಗೆ ಮೈಕು ಹಾಕಿಕೊಂಡು ಹೋದ್ರೆ ಮದುವೆ ಮನೆಯವರು ಎಂತ ಹೇಳಿಯಾರು? ಬೇಡ."

ಅದೇ ತಿಂಗಳು ಆಫೀಸಿನಿಂದ ನನಗೆ ಮೂರು ವಾರ ಡಬ್ಲಿನ್ನಿಗೆ ಹೋಗುವ ಆದೇಶ ಬಂತು. ಸುಮ್ಮನೆ ಕುತೂಹಲಕ್ಕೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಎಂಬತ್ತು ದಾಟಿದ ಆ ಗಾಯಕರು ಇನ್ನೂ ಹಾಡುತ್ತಿದ್ದರು. ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ, ಅದೇ ಊರು, ಅದೇ ಸಭಾಂಗಣ. ಮಾವನಿಗೆ ಹೇಳಿದೆ. ಅವರು ಒಳಗೆ ಹೋಗಿ ಪಾಸ್‌ಪೋರ್ಟು ತಂದು ನನ್ನ ಮುಂದಿಟ್ಟರು. ದುಬೈಯ ತಂಗಿಯ ಮಗಳ ಮದುವೆಗೆಂದು ಮಾಡಿಸಿದ್ದು. ಅದರಲ್ಲಿ ಒಂದೇ ಒಂದು ಮುದ್ರೆಯಿತ್ತು.

"ಕಿವಿ ಪೂರ್ತಿ ಹೋಗುವ ಮುಂಚೆ ಆ ಹಾಲ್‌ನಲ್ಲಿ ಒಮ್ಮೆ ನಿಂತು ಚಪ್ಪಾಳೆ ತಟ್ಟಿ ನೋಡ್ಬೇಕು ಮಾಲತಿ. ಮತ್ತೆ ಅವರನ್ನೇ ಕೇಳುವಾ, ಯಾಕೆ ಬಡಿದದ್ದು ಅಂತ."

ಡಬ್ಲಿನ್

ಮುಂಬೈ ವಿಮಾನ ನಿಲ್ದಾಣದಲ್ಲಿ ವೈರುಗಳ ದೆಸೆಯಿಂದ ನಮ್ಮ ಪೆಟ್ಟಿಗೆಯನ್ನು ಎರಡು ಸಲ ಬಿಚ್ಚಿಸಿದರು. ಮಾವ ಬೇಸರಿಸಲಿಲ್ಲ. ಬಿಚ್ಚಿಸಿದ ಸಿಪಾಯಿಗೆ ಯಾವ ವೈರು ಯಾವುದಕ್ಕೆ ಎಂದು ಮರಾಠಿಯಲ್ಲಿ ಪಾಠ ಮಾಡಿದರು. ಸಿಡಿ ಮಾತ್ರ ಬನಿಯನ್ನಿನ ಒಳಗಿತ್ತು.

ಡಬ್ಲಿನ್ನಿನಲ್ಲಿ ಎದುರಾದವರೆಲ್ಲ 'ಹೇಗಿದ್ದೀರಿ' ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮಾವನಿಗೆ ಇದು ಮೊದಲೆರಡು ದಿನ ದೊಡ್ಡ ಪೇಚಾಯಿತು. ದಿನಸಿ ಅಂಗಡಿಯ ಮುಂದೆ ಒಬ್ಬರು ಕೇಳಿದ್ದಕ್ಕೆ ತಮ್ಮ ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಹೇಳುತ್ತ ಅವರ ಹಿಂದೆಯೇ ಮುಂದಿನ ತಿರುವಿನವರೆಗೆ ನಡೆದರು. ಮಳೆ ಬಂದರೂ ಬಿಸಿಲು ಬಂದರೂ ಅಲ್ಲಿಯವರಿಗೆ ಎಲ್ಲವೂ 'ಗ್ರ್ಯಾಂಡ್'. ಚಹಾ ಮಾತ್ರ ನಮ್ಮ ರೈಲ್ವೆ ಸ್ಟೇಷನ್ನಿನ ಹಾಗೆ ಕಡಕ್. ಅದೊಂದು ಕಾರಣಕ್ಕೇ ಮಾವ ಆ ದೇಶವನ್ನು ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಪಶ್ಚಿಮದ ಕಡೆ ಹೋಗುವ ಬಸ್ಸು ಹತ್ತಿದೆವು. ಮೂರು ಗಂಟೆಯ ದಾರಿ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಿದ್ದರು. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ನಾವು ಇಳಿಯುವುದಿಲ್ಲ, ಹಿಂದಿನವರು ನಮ್ಮನ್ನು ಇಳಿಸುತ್ತಾರೆ. ಮಾವನಿಗೆ ಈ ಪದ್ಧತಿ ಬಹಳ ಹಿಡಿಸಿತು. ನಮ್ಮ ನಿಲ್ದಾಣ ಬಂದಾಗ ಡ್ರೈವರಿನ ಕೈಹಿಡಿದು ಕುಲುಕಿ, "ಚೆನ್ನಾಗಿ ಬಿಟ್ರಿ ಮಾರಾಯ್ರೆ," ಎಂದು ಕನ್ನಡದಲ್ಲೇ ಹೇಳಿದರು. ಡ್ರೈವರು "ಗ್ರ್ಯಾಂಡ್" ಎಂದ.

ತಪ್ಪು ಸಭಾಂಗಣ

ಅದು ಒಂದೇ ಬೀದಿಯ ಊರು. ಚರ್ಚಿನ ಪಕ್ಕದಲ್ಲಿ ಉದ್ದನೆಯ ಕಟ್ಟಡ, ಬಾಗಿಲಲ್ಲಿ ಜನ. ವಯಸ್ಸಾದವರು ಹೆಚ್ಚು, ಎಲ್ಲರೂ ಒಳ್ಳೆಯ ಬಟ್ಟೆ ಹಾಕಿದ್ದಾರೆ. ಇದೇ ಇರಬೇಕೆಂದು ಒಳಗೆ ಹೋದೆವು. ಬಾಗಿಲ ಬಳಿ ಸಾಲಾಗಿ ನಿಂತಿದ್ದ ಐದಾರು ಮಂದಿ ನಮ್ಮ ಕೈ ಕುಲುಕಿದರು. ಯಾರೋ ತ್ರಿಕೋನಾಕಾರದ ಸ್ಯಾಂಡ್‌ವಿಚ್ಚಿನ ತಟ್ಟೆ ಕೈಗಿತ್ತರು, ಇನ್ಯಾರೋ ಚಹಾ ಕೊಟ್ಟರು.

"ನಮ್ಮ ಕಡೆ ಪ್ರೋಗ್ರಾಂ ಮುಗಿದ ಮೇಲೆ ತಿಂಡಿ. ಇಲ್ಲಿ ಮೊದಲೇ ಕೊಡ್ತಾರೆ. ಇದು ಒಳ್ಳೇದು," ಎಂದರು ಮಾವ.

ತಟ್ಟೆ ಹಿಡಿದುಕೊಂಡೇ ಮಾಡು ನೋಡಿದರು. ಎತ್ತರವಾಗಿತ್ತು. ನೆಲ ನೋಡಿದರು. ಸಿಮೆಂಟು. ಅವರ ಮುಖ ಬಾಡಿತು. ನಕ್ಷೆ ತೆಗೆದು, ತಲೆಕೆಳಗು ಮಾಡಿ ಹಿಡಿದರು. ಆದರೂ ಮರ್ಯಾದೆ ಬಿಡದೆ, ಪಕ್ಕದಲ್ಲಿದ್ದ ಕಪ್ಪು ಕೋಟಿನ ಹೆಂಗಸಿಗೆ ತಮ್ಮ ಇಂಗ್ಲಿಷಿನಲ್ಲಿ "ವೆರಿ ನೈಸ್ ಪ್ರೋಗ್ರಾಂ" ಎಂದರು. ಹಾಡು ಯಾವಾಗ ಶುರುವಾಗುತ್ತದೆ ಎಂದು ನಾನು ಕೇಳಿದೆ.

ಆ ಹೆಂಗಸು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಮೂಲೆಯ ಮೇಜಿನ ಮೇಲೆ ಹೂವಿನ ನಡುವೆ ಇಟ್ಟಿದ್ದ ಒಬ್ಬ ಅಜ್ಜನ ಫೋಟೋ ನೋಡಿದರು. ಆಗ ನನಗೆ ಹೊಳೆಯಿತು. ಹಿಂದಿನ ದಿನ ಅವರನ್ನು ಮಣ್ಣು ಮಾಡಿ, ಇಂದು ಊರವರೆಲ್ಲ ಕೂಡಿ ಚಹಾ ಕುಡಿಯುತ್ತಿದ್ದರು. ನಾವು ಸಾವಿನ ಮನೆಯವರ ಮೂರು ಸ್ಯಾಂಡ್‌ವಿಚ್ಚು ತಿಂದು ಕಾರ್ಯಕ್ರಮ ಚೆನ್ನಾಗಿದೆ ಎಂದಿದ್ದೆವು.

ನಾನು ತಡವರಿಸಿ ಕ್ಷಮೆ ಕೇಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಡೊಂಬಿವಲಿ, ಸಿಡಿ, ನಕ್ಷೆ, ಏಳನೇ ಹಾಡು. ಆ ಹೆಂಗಸಿನ ಹೆಸರು ನೋರಾ, ತೀರಿಕೊಂಡವರ ಸ್ವಂತ ತಂಗಿ. ಅವರ ಕಣ್ಣಲ್ಲಿ ನೀರು ಬಂತು. ನೋಯಿಸಿದೆನೆಂದುಕೊಂಡೆ. ಆದರೆ ಅವರು ನಗು ತಡೆಯಲಾರದೆ ಟೀ ಮೇಜನ್ನು ಹಿಡಿದುಕೊಂಡಿದ್ದರು.

"ನಮ್ಮಣ್ಣ ಇದನ್ನು ನೋಡಬೇಕಾಗಿತ್ತು. ನಾಲ್ಕು ದಿನದಿಂದ ನಾನು ನಕ್ಕಿರಲಿಲ್ಲ," ಎಂದರು. "ನಿಮ್ಮ ಗಾಯಕರು ಬೀದಿಯ ಆ ತುದಿಯ ಹಾಲ್‌ನಲ್ಲಿದ್ದಾರೆ. ಈಗಷ್ಟೆ ಇಲ್ಲಿ ಬಂದು ಚಹಾ ಕುಡಿದು ಹೋದರು. ಬನ್ನಿ."

ಸರಿಯಾದ ಸಭಾಂಗಣ

ಮರದ ನೆಲ. ತಗ್ಗು ಮಾಡು. ಮಾವ ಹೊಸ್ತಿಲಲ್ಲೇ ನಿಂತು ಒಂದು ಸಲ ಚಪ್ಪಾಳೆ ತಟ್ಟಿದರು. ತಲೆ ಒಂದು ಕಡೆ ವಾಲಿಸಿ, ಅದು ಹಿಂತಿರುಗಿ ಬರುವವರೆಗೆ ಕಾದರು. "ಇದೇ," ಎಂದರು.

ನಕ್ಷೆಯಲ್ಲಿ ಎಲ್ಲವೂ ಸರಿಯಿತ್ತು. ಒಂದು ಬಿಟ್ಟು. ಎಡಗಡೆಯ ಬಾಗಿಲು ಬಲಗಡೆ ಇತ್ತು, ಬಲದ ಕಿಟಕಿಗಳು ಎಡಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ.

"ತಿರುಗಿಸಿ ಕಟ್ಟಿದ್ದಾರೆ," ಎಂದರು ಮಾವ.

"ಮಾವ, ನಮ್ಮನೆ ಸ್ಪೀಕರ್ ವೈರು ಎಡ ಬಲ ಅದಲು ಬದಲು ಆಗಿರಬಹುದಾ?"

ಅವರು ನಕ್ಷೆಯನ್ನು ಮಡಚಿ ಜೇಬಿಗೆ ಸೇರಿಸಿದರು. "ಇದನ್ನು ಪ್ರಶಾಂತನಿಗೆ ಹೇಳ್ಬೇಡ."

ಗಾಯಕರು ವೇದಿಕೆಯ ಅಂಚಿನಲ್ಲಿ ಕೂತು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದರು. ಮುಖಪುಟಕ್ಕಿಂತ ತುಂಬ ಸಣ್ಣಗಾಗಿದ್ದರು. ಎರಡೂ ಕಿವಿಯ ಹಿಂದೆ ಯಂತ್ರ. ನೋರಾ ಅವರ ಕಿವಿಗೆ ಬಗ್ಗಿ ನಮ್ಮ ಕಥೆಯನ್ನೆಲ್ಲ ಹೇಳಿದರು. ಸಾವಿನ ಮನೆಯ ಸ್ಯಾಂಡ್‌ವಿಚ್ಚನ್ನು ಬಿಡಲಿಲ್ಲ. ಅವರು ನಮ್ಮನ್ನು ಹತ್ತಿರ ಕೂರಿಸಿಕೊಂಡರು. ಆದರೆ ಧಪ್ ಎಂಬ ಸದ್ದು ಅವರಿಗೆ ನೆನಪಿರಲಿಲ್ಲ.

ಆಗ ಮಾವ ಆ ಹಾಡನ್ನು ಗುನುಗಿದರು. ಇಂಗ್ಲಿಷಿನ ಒಂದು ಪದವೂ ಸರಿಯಿರಲಿಲ್ಲ. ರಾಗ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎರಡನೇ ಚರಣದ ತುದಿಗೆ ಬಂದು ವೇದಿಕೆಯ ಹಲಗೆಗೆ ಅಂಗೈಯಿಂದ ಧಪ್ ಎಂದು ಬಡಿದು, ಅರ್ಧ ಕ್ಷಣ ನಿಲ್ಲಿಸಿ, ಮುಂದುವರಿಸಿದರು.

ಗಾಯಕರ ಬಾಯಿ ತೆರೆದುಕೊಂಡಿತು. ತಕ್ಷಣ ಅದನ್ನು ಕೈಯಿಂದ ಮುಚ್ಚಿಕೊಂಡರು.

"ನನ್ನ ಹಲ್ಲು," ಎಂದರು.

ಆ ವಾರವಷ್ಟೇ ಹೊಸ ಹಲ್ಲಿನ ಸೆಟ್ಟು ಹಾಕಿಸಿದ್ದರಂತೆ. ಉದ್ದದ ಸ್ವರ ಎಳೆಯುವಾಗ ಮೇಲಿನ ಸಾಲು ಕಳಚಿ ಹೊರಗೆ ಹಾರಿತು. ಗಿಟಾರಿನ ಮೇಲೆ ಬಿದ್ದದ್ದನ್ನು ಅಂಗೈಯಿಂದ ಬಡಿದು ಹಿಡಿದರು. ಬಾಯಿಗೆ ಸೇರಿಸಿಕೊಂಡು ಹಾಡಿದರು. ಕತ್ತಲಲ್ಲಿ ಕೂತ ಇಡೀ ಸಭೆಗೆ ಗೊತ್ತಾಗಲಿಲ್ಲ. ಕಂಡದ್ದು ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿಗೆ ಮಾತ್ರ.

ನಾನು ಭಾಷಾಂತರ ಮಾಡುತ್ತ ಮಾಡುತ್ತ ಅರ್ಧಕ್ಕೆ ನಗುವಿನಿಂದ ಉಸಿರುಗಟ್ಟಿ ನಿಂತೆ. ಮಾವ ಹಲ್ಲು ಎಂಬ ಪದ ಕೇಳಿದ್ದೇ ನೆಲದ ಮೇಲೆ ಕೂತುಬಿಟ್ಟರು. ಭುಜ ಕುಣಿಯುತ್ತಿತ್ತು, ಸದ್ದೇ ಬರುತ್ತಿರಲಿಲ್ಲ. ಎಂಟು ವರ್ಷ ಒಂದಿಡೀ ಬಿಲ್ಡಿಂಗು ತಲೆ ಕೆಡಿಸಿಕೊಂಡಿದ್ದು ಒಂದು ಸಾಲು ಹಲ್ಲಿಗಾಗಿ. ಗಾಯಕರು ನಮ್ಮಿಬ್ಬರಿಂದಲೂ ಪ್ರಮಾಣ ಮಾಡಿಸಿಕೊಂಡರು. ಹೆಸರು ಎಲ್ಲೂ ಬರಕೂಡದು, ತಮಗೆ ಇನ್ನೂ ಕಾರ್ಯಕ್ರಮಗಳಿವೆ.

ನಗು ಸ್ವಲ್ಪ ಇಳಿದ ಮೇಲೆ ಅವರು ಹೇಳಿದರು: "ಮನೆಗೆ ಹೋಗುವ ದಾರಿಯುದ್ದಕ್ಕೂ ನಕ್ಕಿದ್ದಳು. ಆ ಜಾಗ ಕತ್ತರಿಸಿ ಎಂದು ರೆಕಾರ್ಡಿಂಗಿನವರಿಗೆ ಹೇಳಿದ್ದೆ. ಕತ್ತರಿಸಿದ್ದೇವೆ ಎಂದಿದ್ದರು. ಆಮೇಲೆ ನಾನು ಅದನ್ನು ಕೇಳಲೇ ಇಲ್ಲ. ಅವಳು ಹೋಗಿ ಐದು ವರ್ಷವಾಯಿತು. ರೆಕಾರ್ಡಿಂಗಿನ ಯಂತ್ರ ಕಂಡರೆ ಓಡಿಹೋಗುತ್ತಿದ್ದಳು. ಅವಳ ಧ್ವನಿ ನನ್ನ ಬಳಿ ಯಾವುದರಲ್ಲೂ ಇಲ್ಲ."

ನಾನು ಇದನ್ನು ಮಾವನ ಕಿವಿಯ ಹತ್ತಿರ ಕನ್ನಡದಲ್ಲಿ ಹೇಳಿದೆ. ಅವರು ನೆಲದಿಂದ ಎದ್ದರು.

"ಇಲ್ಲ ಅಂತ ಯಾರು ಹೇಳಿದ್ದು? ನಗು ಉಂಟಲ್ಲ. ಕತ್ತರಿಸಿಲ್ಲ, ಅಡಿಗೆ ತಳ್ಳಿದ್ದಾರೆ ಅಷ್ಟೆ. ಇವರ ಮಿಕ್ಸರ್ ಎಲ್ಲುಂಟು ಕೇಳು."

ಸದ್ದು ಏರಿಸಿ ಇಳಿಸುವ ಗುಂಡಿಗಳ ಮಿಕ್ಸರು ಹಿಂದಿನ ಗೋಡೆಯ ಬಳಿ ಇತ್ತು. ಮಾವ ಬನಿಯನ್ನಿನಿಂದ ಸಿಡಿ ತೆಗೆದರು. ಗಾಯಕರನ್ನು ಸ್ಪೀಕರಿನ ಮುಂದೆ ಕುರ್ಚಿ ಹಾಕಿ ಕೂರಿಸಿದರು. ನನ್ನನ್ನು ಅವರ ಪಕ್ಕದಲ್ಲಿ, ತಮಗೆ ಎದುರಾಗಿ ನಿಲ್ಲಿಸಿದರು. ಏಳನೇ ಹಾಡು ಹಾಕಿ, ದಪ್ಪ ಸ್ವರಗಳನ್ನು ಪೂರ್ತಿ ಇಳಿಸಿದರು. ಗಿಟಾರು ಡಬ್ಬದೊಳಗೆ ಬಾರಿಸಿದಂತಾಯಿತು. ಸದ್ದನ್ನು ಎಡಕ್ಕೆ ತಿರುಗಿಸಿದರು. ನನ್ನನ್ನು ನೋಡಿದರು. ಏನೋ ನೆನಪಾದವರಂತೆ ಹಣೆ ತಟ್ಟಿಕೊಂಡು ಬಲಕ್ಕೆ ತಿರುಗಿಸಿದರು. ಆಮೇಲೆ ಸಣ್ಣ ಸ್ವರಗಳ ಗುಂಡಿಯನ್ನು ಒಂದೊಂದೇ ಎಳೆ ಏರಿಸುತ್ತ ಹೋದರು. ಕಣ್ಣು ನನ್ನ ಮೇಲಿಂದ ಕದಲಿಸಲಿಲ್ಲ. ಹೆಮ್ಮೆಯಿಂದ ನೋಡುತ್ತಿದ್ದಾರೆಂದುಕೊಂಡೆ.

ಧಪ್.

ನಗು ಬಂತು. ಸಭಾಂಗಣದ ತುಂಬ ಬಂತು. ಗಾಯಕರ ಸ್ವರ ಎಲ್ಲೋ ದೂರದಲ್ಲಿ, ಹೆಂಡತಿಯದು ಇಲ್ಲೇ, ಪಕ್ಕದ ಕುರ್ಚಿಯಲ್ಲಿ. ಮೊದಲು ತಡೆದುಕೊಂಡ ಮೂರು ಸಣ್ಣ ಉಸಿರು, ಆಮೇಲೆ ಕೊಡ ಉರುಳಿದ ಹಾಗೆ ಗಳಗಳ, ಕೊನೆಗೆ ಮೂಗಿನಲ್ಲಿ ಒಂದು ಗೊರ್.

ಗಾಯಕರು ಅಲುಗಾಡಲಿಲ್ಲ. ಒಂದು ಕಿವಿಯ ಯಂತ್ರವನ್ನು ಬೆರಳಿಂದ ಒತ್ತಿ ಹಿಡಿದಿದ್ದರು. ಗೊರ್ ಎಂದಾಗ ಅವರೂ ನಕ್ಕರು. ಆಮೇಲೆ ಮುಖ ಮುಚ್ಚಿಕೊಂಡರು. ಕೈ ತೆಗೆದು, ತೋರುಬೆರಳನ್ನು ಗಾಳಿಯಲ್ಲಿ ಸುತ್ತಿದರು. ಇನ್ನೊಂದು ಸಲ ಎಂದು. ಆರು ಸಲ ಹಾಕಿದೆವು. ಆರನೆಯ ಸಲ ನೋರಾ ಅಳುತ್ತಿದ್ದರು, ನಾನೂ.

ಅಷ್ಟರಲ್ಲಿ ಜನ ಬರತೊಡಗಿದರು. ರೆಕಾರ್ಡಿಂಗಿನ ದಿನ ಬಿಟ್ಟರೆ ಅಲ್ಲಿ ಹಾಡು ಕೇಳಲು ಸಾಲಾಗಿ ಕುರ್ಚಿ ಇಡುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಎಲ್ಲರೂ ಕುಣಿಯುತ್ತಾರೆ. ನೋರಾ ತಮ್ಮ ಕಪ್ಪು ಕೋಟನ್ನು ಕುರ್ಚಿಗೆ ಹಾಕಿ, ಅಣ್ಣನಿಗೂ ಇದೇ ಇಷ್ಟವಾಗಿತ್ತು ಎಂದು, ಮಾವನನ್ನು ಎಳೆದುಕೊಂಡು ಹೋದರು. ಮಾವ ಒಂದೇ ಹೆಜ್ಜೆ ಬಲ್ಲವರು. ಅದು ಗಣಪತಿ ವಿಸರ್ಜನೆಯದು. ಎರಡು ಹಾಡು ಮುಗಿಯುವಷ್ಟರಲ್ಲಿ ಹತ್ತು ಹದಿನೈದು ಮಂದಿ ಕೈ ಮೇಲೆತ್ತಿ ಅದನ್ನೇ ಕುಣಿಯುತ್ತಿದ್ದರು. ನನ್ನ ಜೊತೆ ಕುಣಿದ ರೈತರೊಬ್ಬರು ಕುಣಿಯುತ್ತಲೇ ನಿಮ್ಮಲ್ಲಿ ಎಷ್ಟು ಹಸುಗಳಿವೆ ಎಂದು ಕೇಳಿದರು. ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲಿ ಒಂದೂ ಇಲ್ಲವೆಂದಾಗ ಅವರು ನಿಜವಾಗಿ ಮರುಗಿದರು.

ವಿರಾಮದಲ್ಲಿ ಗಾಯಕರು ತಮ್ಮ ಕಿವಿಯ ಯಂತ್ರವನ್ನು ಬಿಚ್ಚಿ ಮಾವನ ಅಂಗೈಯಲ್ಲಿಟ್ಟರು. ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಒಳ್ಳೆ ಮೈಕು," ಎಂದರು. ಸಿಡಿಯನ್ನು ಗಾಯಕರಿಗೇ ಕೊಟ್ಟರು. ಗುಂಡಿಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕು ಎಂಬುದನ್ನು ನಕ್ಷೆಯ ಖಾಲಿ ಜಾಗದಲ್ಲಿ ಬರೆದು ಅದನ್ನೂ ಕೊಟ್ಟರು.

ವಾಪಸಿನ ಬಸ್ಸು

ಸಂಜೆ ಏಳಾದರೂ ಅಲ್ಲಿ ಮಧ್ಯಾಹ್ನದಷ್ಟೇ ಬೆಳಕು. ಬಸ್ಸು ಊರು ದಾಟಿದ ಮೇಲೆ ಮಾವ ನನ್ನ ಕಡೆ ತಿರುಗಿದರು.

"ಮಾಲತಿ, ಆ ನಗು ಚೆನ್ನಾಗಿ ಬಂತಾ?"

"ನೀವೇ ಕೇಳಿಸಿದ್ರಲ್ಲ ಮಾವ."

"ನನಗೆ ಎಲ್ಲಿ ಕೇಳ್ತದೆ? ಎರಡು ವರ್ಷ ಆಯ್ತು ಅದು ಕೇಳದೆ. ಎಲ್ಲುಂಟು ಅಂತ ಗೊತ್ತುಂಟು, ಅಷ್ಟೆ. ನಿನ್ನ ಮುಖ ನೋಡಿಕೊಂಡು ತಿರುಗಿಸಿದ್ದು."

ಅವರೇ ಮುಂದುವರಿಸಿದರು. "ಊರಿಗೆ ಹೋದ ಮೇಲೆ ಸಾನಪಾಡಾದ ಡಾಕ್ಟ್ರಿಗೆ ಫೋನ್ ಮಾಡು. ಆ ಮುದುಕ ಅದನ್ನು ಹಾಕಿಕೊಂಡು ಹಾಡ್ತಾನೆ. ನನಗೆ ಮೈಕು ಕಟ್ಲಿಕ್ಕೆ ಎಂತ ತೊಂದರೆ?"

"ಮಾಡ್ತೀನಿ ಮಾವ."

ಆಮೇಲೆ ನನಗೆ ಏನನ್ನಿಸಿತೋ, ಅವರ ಕಿವಿಯ ಹತ್ತಿರ ಬಗ್ಗಿ, ಆ ನಗುವನ್ನು ನಕ್ಕು ತೋರಿಸಿದೆ. ದಪ್ಪ ದನಿಯಲ್ಲಿ, ಅವರಿಗೆ ಕೇಳುವ ಹಾಗೆ. ಮೂರು ಸಣ್ಣ ಉಸಿರು, ಆಮೇಲೆ ಗಳಗಳ. ಮುಂದಿನ ಸೀಟಿನವರು ತಿರುಗಿ ನೋಡಿದರು. ಡ್ರೈವರು ಕನ್ನಡಿಯಲ್ಲಿ ನೋಡಿದ. ಮೈಸೂರಿನ ನನ್ನ ತವರಿನವರು ನೋಡಿದ್ದರೆ ಏನೆನ್ನುತ್ತಿದ್ದರೋ, ನಾನು ನಿಲ್ಲಿಸಲಿಲ್ಲ.

ಮಾವ ಕಣ್ಣು ಮುಚ್ಚಿ, ಪೂರ್ತಿ ಮುಗಿಯುವವರೆಗೆ ಕೇಳಿದರು.

"ಅಡ್ಡಿಲ್ಲ," ಎಂದರು. "ಗೊರ್ ಒಂದು ಬಿಟ್ಟೆ ನೀನು. ಇನ್ನೊಮ್ಮೆ ಮಾಡು."